ಬಿರುಗಾಳಿ ಅಕ್ಕನನ್ನು ಯಾರೂ ಓದಿಲ್ಲ

ಪುಸ್ತಕಗಳನ್ನು ಓದುವುದರಿಂದ ವಾಚನಾಲಯಕ್ಕೆ ನಷ್ಟವಾಗುತ್ತದೆ ಎಂಬ ಸಂಗತಿಯನ್ನು ನಮ್ಮ ಸಾರ್ವಜನಿಕ ವಾಚನಾಲಯದ ಆಡಳಿತ ಮಂಡಳಿಯು ಸರ್ವಾನುಮತದಿಂದ ಕಂಡುಹಿಡಿದಿದೆ. ಹಿಂದಿನ ಮಂಡಳಿಗಳಿಗೆ ಇದು ಹೊಳೆದಿರಲಿಲ್ಲ. ಗುಮಾಸ್ತನಾದ ನಾನು ಆ ಸಭೆಯಲ್ಲಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಬರೆದುಕೊಂಡಿದ್ದೇನೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅಧಿಕೃತ.

ಸಭೆ ಸೇರಿದ್ದು ದೀಪಗಳ ವಿಷಯಕ್ಕೆ. ಓದುವ ಕೋಣೆಯ ಟ್ಯೂಬ್‌ಲೈಟುಗಳೆಲ್ಲ ಒಂದೊಂದಾಗಿ ಕಣ್ಣು ಮುಚ್ಚಿದ್ದವು. ಉಳಿದ ಒಂದು, ಉರಿಯಲೋ ಬೇಡವೋ ಎಂದು ಯೋಚಿಸುತ್ತ ಮಿಣುಕುತ್ತಿತ್ತು. ಹೊಸ ದೀಪ ಹಾಕಿಸಲು ಓದುಗರು ಚಂದಾ ಎತ್ತಿ ಕೊಟ್ಟಿದ್ದರು. ಆ ಹಣ ಮೇಜಿನ ಮೇಲಿತ್ತು.

"ದುಡ್ಡನ್ನ ದೀಪಕ್ಕೆ ಹಾಕಿದ್ರೆ ದೀಪದ ಜೊತೆ ದುಡ್ಡೂ ಉರಿದುಹೋಗುತ್ತೆ" ಎಂದರು ಅಧ್ಯಕ್ಷರು. ಅವರದು ಔಷಧಿ ಅಂಗಡಿ. "ಹಳೇ ಕಾಮಿಕ್ಸ್‌ಗೆ ಹಾಕಿ ನೋಡಿ. ನನ್ನ ಅಂಗಡೀಲಿ ಹಳತಾದದ್ದನ್ನ ಎಸೀಬೇಕು. ಅಲ್ಲಿ ಹಳತಾದಷ್ಟೂ ಬೆಲೆ ಏರುತ್ತಂತೆ. ನಮ್ಮ ಅಳಿಯಂದಿರು ಎಲ್ಲಾ ತಿಳ್ಕೊಂಡಿದಾರೆ."

ಅಳಿಯಂದಿರು ಆನ್‌ಲೈನ್ ಹೂಡಿಕೆಯಲ್ಲಿ ನುರಿತವರು. ಮೊಬೈಲ್ ಹಿಡಿದು ಎದ್ದು ನಿಂತರು.

"ಕಾಮಿಕ್ಸ್ ಅಂದ್ರೆ ಚಿತ್ರಕಥೆ ತಾನೇ? ಮಕ್ಕಳು ಓದೋದು?" ಎಂದು ಕೇಳಿದವರು ಖಜಾಂಚಿ. ಅವರು ಗಡಿಯಾರ ರಿಪೇರಿಯವರು, ಊರಿಗೆಲ್ಲ ಗಡಿಯಾರದಣ್ಣ.

"ಓದೋದಲ್ಲ, ಓದದೇ ಇರೋದು" ಎಂದು ಅಳಿಯಂದಿರು ತಿದ್ದಿದರು. "ಓದಿದ್ದಕ್ಕೆ ರದ್ದಿ ಬೆಲೆ, ಓದದ್ದಕ್ಕೆ ಚಿನ್ನದ ಬೆಲೆ. ದರ್ಜೆ ಇರುತ್ತೆ. 'ಓದಿ ಹರಿದದ್ದು' ಎಲ್ಲಕ್ಕಿಂತ ಕೆಳಗೆ. ಅದರ ಮೇಲೆ 'ಪುಟ ತಿರುವಿದ್ದು'. ಎಲ್ಲಕ್ಕಿಂತ ಮೇಲಿನದು 'ಕೈ ಸೋಕದ್ದು'. ಇಲ್ನೋಡಿ, ಈಗ ಒಂದೇ ಒಂದು ಕೈ ಸೋಕದ್ದು ಮಾರಾಟಕ್ಕಿದೆ. ಬಿರುಗಾಳಿ ಅಕ್ಕ, ಏಳನೇ ಸಂಚಿಕೆ."

ಈ ಹೆಸರು ಕೇಳಿದ್ದೇ ತಡ, ಗಡಿಯಾರದಣ್ಣನ ಕೈಯಲ್ಲಿದ್ದ ಪೆನ್ನು ಜಾರಿ, ಮೇಜಿನಿಂದ ಉರುಳಿ ನನ್ನ ಸ್ಟೂಲಿನವರೆಗೂ ಬಂತು. ಕಾರಣವನ್ನು ನಾನೇ ಹೇಳಬೇಕು, ಅವರು ಹೇಳುವವರಲ್ಲ.

ಬಿರುಗಾಳಿ ಅಕ್ಕ ಎಂದರೆ ಒಂದು ಕಾಲದಲ್ಲಿ ಮಕ್ಕಳ ಪ್ರಾಣ. ಗಾಳಿಯ ಮೇಲೇರಿ ಮನೆಮನೆಗೆ ಕಾಗದ ಹಂಚುವ ಅಂಚೆಯವಳು. ದಾರಿಯಲ್ಲಿ ಕಳ್ಳರು ಸಿಕ್ಕರೆ ಅವರನ್ನೂ ಹಿಡಿಯುವವಳು. ಆರನೇ ಸಂಚಿಕೆಯ ಕೊನೆಯಲ್ಲಿ ಅವಳು ಹಾಳುಬಾವಿಯೊಳಗೆ ಹಗ್ಗಕ್ಕೆ ಜೋತುಬಿದ್ದಿದ್ದಾಳೆ. ಮೇಲೆ ಕಪ್ಪು ಕೈಗವಸು ತೊಟ್ಟ ಒಂದು ಕೈ, ಕೈಯಲ್ಲಿ ಚಾಕು. ಹಗ್ಗದ ಒಂದೇ ಎಳೆ ಉಳಿದಿದೆ. ಅಲ್ಲಿಗೆ ಆರನೇ ಸಂಚಿಕೆ ಮುಗಿಯಿತು. ಏಳನೆಯದು ಈ ಊರಿನಲ್ಲಿ ಯಾವ ಮಗುವಿನ ಕೈಗೂ ಸಿಗಲಿಲ್ಲ.

ಆಗ ಗಡಿಯಾರದಣ್ಣನೂ ಅವರ ತಂಗಿಯೂ ಚಿಕ್ಕವರು. ಹಗ್ಗ ಹರಿಯಿತು, ಅಕ್ಕ ಸತ್ತಳು ಎಂದು ಅಣ್ಣ. ಸಾಧ್ಯವೇ ಇಲ್ಲ, ಬದುಕಿದಳು ಎಂದು ತಂಗಿ. ಜಗಳ ಮುಗಿಯದೆ ಪಂದ್ಯವಾಯಿತು. ಅಪ್ಪನ ಅಂಗಡಿಗೆ ಇದ್ದದ್ದು ಒಂದೇ ಕಿಟಕಿ. ಗೆದ್ದವರು ದೊಡ್ಡವರಾದ ಮೇಲೆ ಕಿಟಕಿ ಪಕ್ಕ ಕೂರತಕ್ಕದ್ದು. ತೀರ್ಮಾನವಾಗುವವರೆಗೆ, ಮಧ್ಯಂತರ ವ್ಯವಸ್ಥೆಯಾಗಿ, ಹಿರಿಯನೆಂಬ ಕಾರಣಕ್ಕೆ ಅಣ್ಣ ಕೂತ. ಮಧ್ಯಂತರ ವ್ಯವಸ್ಥೆಗಳ ಆಯಸ್ಸು ಎಲ್ಲರಿಗೂ ಗೊತ್ತಿರುವುದೇ. ಇಬ್ಬರ ತಲೆಯೂ ನರೆಯಿತು. ಅಂಗಡಿಯ ನಡುವೆ ಪರದೆ ಬಂತು. ಪರದೆಯ ಬೆಳಕಿನ ಕಡೆ ಗಡಿಯಾರದಣ್ಣ, ಕತ್ತಲ ಕಡೆ ಹೊಲಿಗೆಯಕ್ಕ. ಈಗ ಆಕೆ ಸೂಜಿಗೆ ದಾರ ಪೋಣಿಸಲು ಪ್ರತಿಸಲವೂ ಬೀದಿಗೆ ಬಂದು, ಸೂಜಿಯನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನಿಲ್ಲುತ್ತಾರೆ.

ದೀಪದ ಹಣಕ್ಕೆ ಬಿರುಗಾಳಿ ಅಕ್ಕನನ್ನು ಕೊಳ್ಳುವುದೆಂದು ನಿರ್ಣಯವಾಯಿತು. ಪಾರ್ಸೆಲ್ ಬಂತು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ, ಚೀಲದ ಬಾಯಿಗೆ ಅಂಟುಪಟ್ಟಿ. ಅಧ್ಯಕ್ಷರು ಅಂಗಡಿಯಿಂದ ರಬ್ಬರ್ ಕೈಗವಸು ತರಿಸಿ, ತೊಟ್ಟು, ಚೀಲವನ್ನು ಎತ್ತಿ ತಿರುಗಿಸಿದರು. ಹಿಂಬದಿಯ ರಕ್ಷಾಪುಟದ ಮೇಲೆ ನೇರಳೆ ಬಣ್ಣದ ಗುಂಡು ಮುದ್ರೆ ಇತ್ತು. ಮುದ್ರೆ ನಮ್ಮದೇ ವಾಚನಾಲಯದ್ದು.

ಆಗ ನನಗೆ ನಾಲ್ಕನೇ ಕಪಾಟು ನೆನಪಾಯಿತು. ಮಕ್ಕಳು ಮುಟ್ಟಿದರೆ ಕೊಳೆಯಾಗುತ್ತದೆಂದು ಹಳೆಯ ಗ್ರಂಥಪಾಲಕರು ಚಿತ್ರಕಥೆಗಳನ್ನೆಲ್ಲ ಅದರಲ್ಲಿಟ್ಟು ಬೀಗ ಹಾಕಿದ್ದರು. ಆಮೇಲೆ ಬೀಗದ ಕೈ ಕಳೆಯಿತು. ತೆಗೆಯಲಾಗದ ಕಪಾಟು ಯಾತಕ್ಕೆಂದು, ಹೋದ ವರ್ಷ ಇದೇ ಮಂಡಳಿ ಅದನ್ನು ಒಳಗಿದ್ದುದರ ಸಮೇತ ಗುಜರಿಯವನಿಗೆ ತೂಕಕ್ಕೆ ಹಾಕಿತ್ತು.

ಬೇರೆಯವರಾಗಿದ್ದರೆ ನಾಚಿಕೆಪಡುತ್ತಿದ್ದರು. ಅಧ್ಯಕ್ಷರು ಹಿಗ್ಗಿದರು. "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಅದೇ ಗಿಡಾನ ಹೊರಗೆ ಕಳ್ಸಿ, ಪ್ಯಾಕ್ ಮಾಡಿಸಿ, ವಾಪಸ್ ತರಿಸಿದ್ರೆ ಮದ್ದು. ನನ್ನ ಅಂಗಡಿ ನಡೀತಿರೋದೇ ಹಾಗೆ."

"ಮಾರಿದೋರು ಕೆಳಗೆ ಬರ್ದಿದಾರೆ ನೋಡಿ, ಮಾವ" ಎಂದು ಅಳಿಯಂದಿರು ಮೊಬೈಲಿನಿಂದ ಓದಿದರು. "'ಈ ಮುದ್ರೆ ಇರುವ ಯಾವ ಪುಸ್ತಕವನ್ನೂ ಯಾರೂ ಓದಿರುವ ಸಂಭವವಿಲ್ಲ.' ಈ ಬೆಲೆ ಬಂದಿರೋದೇ ನಮ್ಮ ಮುದ್ರೆಯಿಂದ!"

ಮಂಡಳಿಯು ಹಳೆಯ ಗ್ರಂಥಪಾಲಕರ ದೂರದೃಷ್ಟಿಗೆ ಕೃತಜ್ಞತೆ ಸಲ್ಲಿಸಿ ಅವರ ಭಾವಚಿತ್ರವನ್ನು ಓದುವ ಕೋಣೆಯಲ್ಲಿ ತೂಗುಹಾಕಿತು. ದೀಪವಿಲ್ಲದ್ದರಿಂದ ಅದು ಯಾರಿಗೂ ಕಾಣುವುದಿಲ್ಲ. ಮರುದಿನ ಬಾಗಿಲಿಗೆ ಪ್ರಕಟಣೆ ಅಂಟಿಸಿದೆವು:

"ಆಸ್ತಿಯ ಮೌಲ್ಯವರ್ಧನೆಯ ದೃಷ್ಟಿಯಿಂದ ಓದುಗರು ಇನ್ನು ಮುಂದೆ ಪುಸ್ತಕಗಳನ್ನು ಓದದೆ ಸಹಕರಿಸಬೇಕಾಗಿ ವಿನಂತಿ. ಓದಲೇಬೇಕಾದ ಅನಿವಾರ್ಯ ಸಂದರ್ಭದಲ್ಲಿ ಲಿಖಿತ ಕಾರಣ ನೀಡಿ, ಒಂದು ಪುಟ ಬಿಟ್ಟು ಒಂದು ಪುಟದಂತೆ ಓದತಕ್ಕದ್ದು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವವರ ಸದಸ್ಯತ್ವವನ್ನು ರದ್ದುಪಡಿಸಲಾಗುವುದು."

ಓದುಗರು ಸಹಕರಿಸಿದರು. ದಿನಪತ್ರಿಕೆಗೆ ಬರುತ್ತಿದ್ದ ನಿವೃತ್ತರು ಪತ್ರಿಕೆಯನ್ನು ಮಡಿಸಿದಂತೆಯೇ ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡತೊಡಗಿದರು. ಮೊದಲೂ ಅದನ್ನೇ ಮಾಡುತ್ತಿದ್ದುದರಿಂದ ಅವರಿಗೆ ತೊಂದರೆಯಾಗಲಿಲ್ಲ.

ಸಹಕರಿಸದವರು ಹೊಲಿಗೆಯಕ್ಕ ಒಬ್ಬರೇ. ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿಬಂದಿದ್ದರು.

"ಕೊನೇ ಪುಟ ಒಂದೇ ಒಂದು ನೋಡಿ ಕೊಟ್ಬಿಡ್ತೀನಿ, ಅಧ್ಯಕ್ಷರೇ. ಬದುಕಿದಳಾ ಇಲ್ವಾ ಅಂತ ಗೊತ್ತಾದ್ರೆ ಸಾಕು."

"ನೀವು ನೋಡಿದ್ರೆ ಅದು 'ಪುಟ ತಿರುವಿದ್ದು' ಆಗಿಬಿಡುತ್ತಲ್ಲಮ್ಮಾ."

"ಹಾಗಾದ್ರೆ ನೀವೇ ನೋಡಿ ಹೇಳಿ."

"ನಾನು ನೋಡಿದ್ರೂ ಅದೇ ಕತೆ."

"ಯಾರೂ ನೋಡಬಾರ್ದು ಅಂದ್ರೆ, ಒಳಗಿರೋದು ಬಿರುಗಾಳಿ ಅಕ್ಕನೋ ರೈಲಿನ ವೇಳಾಪಟ್ಟಿಯೋ ಹೇಗ್ರೀ ಗೊತ್ತಾಗೋದು?"

"ಗೊತ್ತಿಲ್ದೇ ಇರೋದಕ್ಕೇ ಅಲ್ವೇನಮ್ಮಾ ಅಷ್ಟು ಬೆಲೆ!"

"ಸರಿ, ಮಾರೋದು ಯಾವಾಗ? ಕೊಂಡೋರ ಹತ್ರಾನಾದ್ರೂ ಕೇಳ್ತೀನಿ."

"ಮಾರಿದ್ರೆ ಬೆಲೆ ಎಷ್ಟು ಅಂತ ಗೊತ್ತಾಗಿಬಿಡುತ್ತೆ. ಗೊತ್ತಾದ ಮೇಲೆ ಅದು ಏರೋದು ಹೇಗೆ? ಸ್ವಲ್ಪ ಯೋಚ್ನೆ ಮಾಡಿ."

ಹೊಲಿಗೆಯಕ್ಕ ಯೋಚನೆ ಮಾಡಲಿಲ್ಲ. ಕೆಂಪಗೆ ಮುಖ ಮಾಡಿಕೊಂಡು ಮನೆಗೆ ಹೋದರು.

ಇನ್ನು ಭದ್ರತೆಯ ಪ್ರಶ್ನೆ. ಬೀಗವಿದ್ದ ಕಪಾಟನ್ನು ಮಾರಿಬಿಟ್ಟಿದ್ದರಿಂದ, ಮಂಡಳಿಯ ಸದಸ್ಯರು ಸರದಿಯ ಮೇಲೆ ಬಿರುಗಾಳಿ ಅಕ್ಕನನ್ನು ಮನೆಗೊಯ್ದು ಕಾಯತಕ್ಕದ್ದು, ಹಿಂದಿರುಗಿಸುವಾಗ 'ಓದಿರುವುದಿಲ್ಲ' ಎಂದು ಪ್ರಮಾಣಪತ್ರ ಕೊಡತಕ್ಕದ್ದು ಎಂದಾಯಿತು.

ಮೊದಲ ಸರದಿ ಅಧ್ಯಕ್ಷರದು. ಹಿಂದಿರುಗಿಸಿದರು, ಪ್ರಮಾಣಪತ್ರ ಕೊಟ್ಟರು. ಮರುದಿನ ನಾನು ಕೆಮ್ಮಿನ ಔಷಧಿಗೆ ಹೋದಾಗ, ಬಾಟಲಿ ಸುತ್ತಿಕೊಡುತ್ತ ತಮ್ಮಷ್ಟಕ್ಕೆ ತಾವೇ, "ಆ ಪೋಸ್ಟ್‌ಮಾಸ್ಟರ್ ಮೇಲೇ ನನಗೆ ಅನುಮಾನ" ಎಂದರು.

"ಯಾವ ಪೋಸ್ಟ್‌ಮಾಸ್ಟರು, ಸಾರ್?"

"ಯಾರೂ ಇಲ್ಲ. ದಿನಕ್ಕೆ ಎರಡು ಚಮಚ ತಗೊಳ್ಳಿ."

ಎರಡನೇ ಸರದಿ ಮಂಡಳಿಯ ಇನ್ನೊಬ್ಬ ಸದಸ್ಯರಾದ ಬೇಕರಿಯವರದು. ಅವರು ಹಿಂದಿರುಗಿಸಿದಾಗ ಚೀಲದೊಳಗೆ ಬಿಸ್ಕತ್ತಿನ ಪುಡಿಯಂಥದ್ದು ಕಂಡಿತು. ಹಳೆಯ ಕಾಗದ ಹೀಗೆ ಉದುರುವುದು ಸಹಜವೆಂದು ಅವರೇ ವಿವರಿಸಿದರು. ಅಂಟುಪಟ್ಟಿಯೂ ಮೊದಲಿನಷ್ಟು ಅಂಟುತ್ತಿರಲಿಲ್ಲ. ಹವೆಯ ದೋಷವೆಂದು ದಾಖಲಿಸಿದೆ.

ಮೂರನೇ ಸರದಿ ಗಡಿಯಾರದಣ್ಣನದು. ಅವರು ಚೀಲವನ್ನು ಎದೆಗವಚಿಕೊಂಡು ಹೋದರು. ಬೆಳಿಗ್ಗೆ ನಾನು ಅವರ ಅಂಗಡಿಯ ಮುಂದೆ ಹಾದುಹೋಗುವಾಗ, ಕಿಟಕಿಯ ಪಕ್ಕದಲ್ಲಿ ಅವರ ಮೇಜು ಇರಲಿಲ್ಲ. ಪರದೆಯನ್ನು ಸರಿಸಿ, ಸ್ಕ್ರೂಡ್ರೈವರುಗಳನ್ನೂ ಬಿಚ್ಚಿಟ್ಟ ಗಡಿಯಾರಗಳನ್ನೂ ಒಂದೊಂದಾಗಿ ಕತ್ತಲ ಮೂಲೆಗೆ ಸಾಗಿಸುತ್ತಿದ್ದರು. ಹೊಲಿಗೆಯಕ್ಕ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದರು.

"ಏನಣ್ಣಾ ಇದು?"

"ಬಿಸಿಲಿಗೆ ಗಡಿಯಾರಗಳು ಮುಂದೆ ಓಡ್ತವೆ ಕಣೇ. ನಿನ್ನ ಮಿಷನ್ ಇಲ್ಲಿ ಹಾಕ್ಕೋ."

"ಇಷ್ಟು ವರ್ಷ ಓಡ್ಲಿಲ್ವಾ?"

"ಈಗ ಬಿಸಿಲು ಜಾಸ್ತಿಯಾಗಿದೆ."

ಅಂದು ಬೆಳಿಗ್ಗೆಯಿಂದ ಮೋಡ ಕವಿದಿತ್ತು. ಹೊಲಿಗೆಯಕ್ಕ ಆಕಾಶವನ್ನು ನೋಡಿದರು, ಅಣ್ಣನನ್ನು ನೋಡಿದರು.

"ಅಣ್ಣಾ... ಅಕ್ಕ ಬದುಕಿದಳಾ?"

"ನಾನು ಓದಿಲ್ಲ" ಎಂದರು ಗಡಿಯಾರದಣ್ಣ, ಬೆನ್ನು ತಿರುಗಿಸಿಕೊಂಡೇ. "ಪ್ರಮಾಣಪತ್ರ ಕೊಡೋನಿದೀನಿ. ಆ ಕಡೆಯಿಂದ ಮಿಷನ್ ಹಿಡ್ಕೋ, ಭಾರ ಇದೆ."

ಇಬ್ಬರೂ ಹೊಲಿಗೆ ಯಂತ್ರವನ್ನು ಕಿಟಕಿಗೆ ತಂದರು. ಹೊಲಿಗೆಯಕ್ಕ ಕೂತಲ್ಲೇ ಕೂತು ಸೂಜಿಗೆ ದಾರ ಪೋಣಿಸಿದರು. ಒಂದೇ ಸಲಕ್ಕೆ ಹೋಯಿತು. ಅವರ ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು. ನನಗೂ ಸುಮ್ಮಸುಮ್ಮನೆ ಖುಷಿಯಾಯಿತು, ಕಚೇರಿಗೆ ತಡವಾಗಿ ಹೋದೆ.

ಬದುಕಿದಳೆಂದು ಗೊತ್ತಾಯಿತು. ಆದರೆ ಹೇಗೆ ಬದುಕಿದಳು? ಅದೇ ವಾರ ಹೊಲಿಗೆಯಕ್ಕ ಕಚೇರಿಗೆ ಬಂದು, ಇಷ್ಟು ಬೆಲೆಬಾಳುವ ವಸ್ತು ಬರೀ ಪ್ಲಾಸ್ಟಿಕ್ಕಿನಲ್ಲಿರುವುದು ಸಂಸ್ಥೆಗೆ ಶೋಭೆಯಲ್ಲ, ತಾನೇ ಮಖಮಲ್ಲಿನ ಗವಸು ಹೊಲಿದುಕೊಡುತ್ತೇನೆ, ಕೂಲಿ ಬೇಡ ಎಂದರು. ಕೂಲಿ ಬೇಡ ಎಂಬುದನ್ನು ಕೇಳಿ ಅಧ್ಯಕ್ಷರು ಕೂಡಲೇ ಒಪ್ಪಿದರು. ಅಳತೆಗೆಂದು ಒಯ್ದ ಬಿರುಗಾಳಿ ಅಕ್ಕನನ್ನು ಅವರು ಎರಡು ದಿನ ಬಿಟ್ಟು ತಂದುಕೊಟ್ಟರು. ಅಳತೆಗೆ ಎರಡು ದಿನವೇ ಎಂದು ಕೇಳಿದ್ದಕ್ಕೆ, "ಉದ್ದಕ್ಕೊಂದು ದಿನ, ಅಗಲಕ್ಕೊಂದು ದಿನ" ಎಂದರು. ನಾನು ಹೊಲಿಗೆ ಕಲಿತವನಲ್ಲ, ಒಪ್ಪಿಕೊಂಡೆ.

ಗುಮಾಸ್ತನಿಗೆ ಸರದಿ ಇಲ್ಲ. ಅಂಟು ಪೂರ್ತಿ ಹೋಗಿದ್ದ ಪಟ್ಟಿಯನ್ನು ತೆಗೆದು ಹೊಸದನ್ನು ಹಚ್ಚುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಸೂಕ್ಷ್ಮ ಕೆಲಸ. ಬಾಗಿಲ ಬೆಳಕಿನಲ್ಲಿ ಕೂತು ಒಂದು ಮಧ್ಯಾಹ್ನವಿಡೀ ಮಾಡಿದೆ.

ವಾರ್ಷಿಕ ಸಭೆಗೆ ಅಳಿಯಂದಿರು ಮೌಲ್ಯಮಾಪನಕ್ಕೆ ಬಂದರು. ಮಖಮಲ್ ಗವಸಿನಿಂದ ಚೀಲ ತೆಗೆದರು, ಚೀಲ ಬಗ್ಗಿಸಿದರು. ಬಿರುಗಾಳಿ ಅಕ್ಕ ತಾನಾಗಿ ಜಾರಿ ಮೇಜಿನ ಮೇಲೆ ಬಿದ್ದು, ಮನೆಮಂದಿಯ ನಡುವೆ ಕಾಲು ಚಾಚಿದಂತೆ ಮಧ್ಯಕ್ಕೆ ತೆರೆದುಕೊಂಡು ಮಲಗಿತು. ಮಂಡಳಿಯವರೆಲ್ಲ ತಲೆಯೆತ್ತಿ ಕೆಟ್ಟುಹೋದ ದೀಪಗಳನ್ನು ನೋಡಿದರು.

"ಇದನ್ನ ಯಾರೋ ಓದಿದಾರೆ" ಎಂದರು ಅಳಿಯಂದಿರು.

ಅಧ್ಯಕ್ಷರು ಪ್ರಮಾಣಪತ್ರಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದರು. "ಓದಿಲ್ಲ. ಬೇಕಾದ್ರೆ ಪುಟ ತಿರುವಿ ಪರಿಶೀಲಿಸಿರಬಹುದು."

"ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತು" ಎಂದ ಬೇಕರಿಯವರು, ಎದುರಿಗೆ ಯಾರಿದ್ದಾರೆಂದು ನೆನಪಾಗಿ ನೀರು ಕುಡಿದರು.

ಅಳಿಯಂದಿರು ಬಿಡಲಿಲ್ಲ. ದರ್ಜೆ ನಿರ್ಧರಿಸಲು ಪ್ರತಿಯೊಂದು ಪುಟವನ್ನೂ ತಾವೇ ನೋಡಬೇಕೆಂದು ಬಾಗಿಲ ಬೆಳಕಿಗೆ ಒಯ್ದರು. ಮೊದಲ ಪುಟವನ್ನು ನಿಂತು ನೋಡಿದರು. ಬಾವಿಯ ಪುಟ ಬಂದಾಗ ನನ್ನ ಸ್ಟೂಲಿನ ಮೇಲೆ ಕೂತರು. ನಿವೃತ್ತರು ಕೂಡ ಎಚ್ಚರವಾಗಿದ್ದರು. ಅಂಚೆಚೀಲದ ಪಟ್ಟಿ ಬಾವಿಯ ಕಲ್ಲಿಗೆ ಸಿಕ್ಕಿಕೊಂಡು ಅಕ್ಕ ಬದುಕುವ ಜಾಗದಲ್ಲಿ ಅಳಿಯಂದಿರ ಮುಖ ಅರಳಿತು. ಅದನ್ನು ನೋಡಿ ಎಲ್ಲರ ಮುಖವೂ ಅರಳಿತು. ಕೊನೆಯ ಪುಟಕ್ಕೆ ಬಂದು ಅವರು "ಛೆ!" ಎಂದರು. ಮಂಡಳಿಯವರೆಲ್ಲ ಹೌದೆಂಬಂತೆ ತಲೆಯಾಡಿಸಿದರು.

ಅಳಿಯಂದಿರು ಎದ್ದು, ಪುಸ್ತಕವನ್ನು ಚೀಲಕ್ಕೆ ಸೇರಿಸಿ ಘೋಷಿಸಿದರು: "ಕೈ ಸೋಕದ್ದು. ಅನುಮಾನವೇ ಇಲ್ಲ."

ಚಪ್ಪಾಳೆಯಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಎಲ್ಲರೂ ಒಟ್ಟಿಗೆ ಮುಚ್ಚಿದರೆ ಅದು ನಿರ್ಣಯವಾಗುತ್ತದೆ.

ಆಗ ಓದುಗ ಸದಸ್ಯರ ಸಾಲಿನಿಂದ ಹೊಲಿಗೆಯಕ್ಕ ಎದ್ದರು. "ಹೂಡಿಕೆಯ ಭದ್ರತೆಯ ದೃಷ್ಟಿಯಿಂದ ಎಂಟನೇ ಸಂಚಿಕೆಯನ್ನೂ ಈ ಕೂಡಲೇ ಖರೀದಿಸತಕ್ಕದ್ದು ಎಂದು ಸೂಚಿಸುತ್ತೇನೆ."

"ಆ ಕೈಗವಸಿನವನ ಮುಖವಾಡ ತೆಗೆಯೋ ಹೊತ್ತಿಗೇ ಸಂಚಿಕೆ ಮುಗಿಸಿ—" ಎಂದು ಶುರುಮಾಡಿದ ಗಡಿಯಾರದಣ್ಣ ಕೆಮ್ಮಿದರು. "ಹೂಡಿಕೆ ಅಂತ ಅನುಮೋದಿಸ್ತೀನಿ."

ಏಳನೆಯದನ್ನು ಓದದವರಿಗೆ ಎಂಟನೆಯದು ಇದೆಯೆಂದು ಹೇಗೆ ತಿಳಿಯಿತೆಂದು ಯಾರೂ ಕೇಳಲಿಲ್ಲ. ದೀಪಕ್ಕೆಂದು ಎರಡನೇ ಸಲ ಎತ್ತಿದ ಚಂದಾ ಅಲ್ಲೇ ಇತ್ತು. ಚಂದಾ ಕೊಟ್ಟವರೇ ಕೈಯೆತ್ತಿ ಒಪ್ಪಿದರು. ಚರ್ಚೆ ನಡೆದದ್ದು ಮೊದಲ ಸರದಿ ಯಾರದೆಂಬ ಒಂದೇ ವಿಷಯಕ್ಕೆ. ಅದು ಕತ್ತಲಾಗುವವರೆಗೂ ನಡೆಯಿತು. ಕಾಯುವುದಕ್ಕೆ ಮೊದಲು ಗವಸು ಬೇಕು, ಗವಸಿಗೆ ಮೊದಲು ಅಳತೆ ಬೇಕು ಎಂದು ಹೊಲಿಗೆಯಕ್ಕ ವಾದಿಸಿ ಗೆದ್ದರು.

ಮುಖವಾಡದ ಹಿಂದೆ ಇರುವವನು ಪೋಸ್ಟ್‌ಮಾಸ್ಟರ್ ಎಂದು ಅಣ್ಣ, ಖಂಡಿತ ಅಲ್ಲ ಎಂದು ತಂಗಿ, ದಾರಿಯುದ್ದಕ್ಕೂ ಜಗಳವಾಡುತ್ತ ಮನೆಗೆ ಹೋದರು. ಪಂದ್ಯ ಮತ್ತೆ ಕಿಟಕಿಗೇ. ತೀರ್ಮಾನವಾಗುವವರೆಗೆ, ಮಧ್ಯಂತರ ವ್ಯವಸ್ಥೆಯಾಗಿ, ಕಿಟಕಿ ಹೊಲಿಗೆಯಕ್ಕನ ಬಳಿಯೇ ಇರತಕ್ಕದ್ದು ಎಂದು ಇಬ್ಬರೂ ಒಪ್ಪಿದ್ದಾರೆ. ಮಧ್ಯಂತರ ವ್ಯವಸ್ಥೆಗಳ ಆಯಸ್ಸು ದೀರ್ಘವಾಗಲಿ.

ನನ್ನನ್ನು ಕೇಳಿದರೆ ಹೊಲಿಗೆಯಕ್ಕನೇ ಸರಿ. ಚಾಕು ಹಿಡಿದದ್ದು ಬಲಗೈ. ಪೋಸ್ಟ್‌ಮಾಸ್ಟರ್ ಎಲ್ಲ ಚಿತ್ರದಲ್ಲೂ ಎಡಗೈಯಲ್ಲೇ ಮುದ್ರೆ ಒತ್ತುತ್ತಾನೆ. ಆದರೆ ನಾನು ಓದಿಲ್ಲ, ನನಗೇನು ಗೊತ್ತು.