ಕಗ್ಗಲ್ಲಿನ ಹೊಸ ಗಂಟಲು

ಅಜಿತ ಆ ಶನಿವಾರ ಸಂಜೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕಲ್ಲೋಳಿಯ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದ ಈ ಮಹಾಶಯನಿಗೆ ಅದೊಂದು ಬಿಟ್ಟು ಬೇರೆಲ್ಲ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು 'ಕಗ್ಗಲ್ಲು' ತಂಡದ ಹೊಸ ಆಲ್ಬಮ್ ಕೇಳಿದ. ಕೇಳಿದವನು ಸುಮ್ಮನೆ ಮನೆಗೆ ಹೋಗಬಾರದೇ?

ಕಗ್ಗಲ್ಲು ಅಂದರೆ ಗೋಕಾಕದ ಹೆವಿ ಮೆಟಲ್ ಬ್ಯಾಂಡು. ಅಲ್ಲಿ ಗಿಟಾರು ನುಡಿಸುವುದಿಲ್ಲ, ಬಡಿಯುತ್ತಾರೆ. ಹಾಡುಗಾರ ಹಾಡುವುದಿಲ್ಲ, ಗುಡುಗುತ್ತಾನೆ. ಮೊದಲಿನ ಹಾಡುಗಾರ ಮಹೇಶ ಪುಣೆಗೆ ಹೋದ ಮೇಲೆ ಅವನ ಜಾಗಕ್ಕೆ ಯಾರೋ ಬಂದಿದ್ದರು. ಯಾರೆಂದು ತಂಡದವರು ಬಾಯಿ ಬಿಟ್ಟಿರಲಿಲ್ಲ. ಪೋಸ್ಟರಿನಲ್ಲಿ ತಲೆಯಿಂದ ಕಾಲಿನವರೆಗೆ ಕರಿ ಕಂಬಳಿ ಹೊದ್ದ ಒಂದು ಆಕಾರ, ಅಷ್ಟೇ.

ಅಭಿಮಾನಿಗಳ ವಾಟ್ಸಾಪ್ ಗುಂಪು ಎರಡು ಹೋಳಾಗಿತ್ತು. "ಮಹೇಶ ಇಲ್ಲದ ಕಗ್ಗಲ್ಲು ಅಂದ್ರ ಖಾರಾ ಇಲ್ಲದ ಝುಣಕಾ" ಎಂದು ಒಬ್ಬ. "ಮಹೇಶ ಹಾಡಿದ್ರ ಬರೇ ಅಳು ಬರತಿತ್ತು, ಇದನ್ನ ಕೇಳಿದ್ರ ಥಂಡಿ ಜ್ವರ ಬರತಾವು, ಮೆಟಲ್ ಅಂದ್ರ ಹಿಂಗ ಇರಬೇಕು" ಎಂದು ಇನ್ನೊಬ್ಬ. ಅಂಕಲಗಿಯ ಶೆಟ್ಟೆಪ್ಪ ಮಾತ್ರ "ನಾ ಡ್ರಮ್ ಅಷ್ಟ ಕೇಳಾಂವ, ನನ್ನ ಬಿಟ್ಟಬಿಡ್ರೆಪಾ" ಎಂದು ಕೈ ತೊಳೆದುಕೊಂಡಿದ್ದ. ಅಜಿತ ಟೈಪು ಮಾಡಲು ಬೇಸರಪಟ್ಟು ತನ್ನ ದನಿಯನ್ನೇ ಕಳಿಸಿದ.

"ನಾ ಅಜಿತ, ಕಲ್ಲೋಳಿ ದನದ ದವಾಖಾನಿಯಿಂದ. ಇದ ಹಾಡಲ್ರಿ, ರೋಗ. ಹೊಟ್ಟಿ ಉಬ್ಬಿದ ಎಮ್ಮಿ ಹಿಂಗ ಒದರತೈತಿ. ಆ ಸಿಂಗರ್‌ನ ಹಗ್ಗ ಹಚ್ಚಿ ನಮ್ಮ ದವಾಖಾನಿಗೆ ಕರಕೊಂಡ ಬರ್ರಿ. ಬಿದರಿನ ಗ್ವಟ್ಟಲೆ ಎಣ್ಣಿ ಕುಡಸತೇನಿ, ಸಂಜೀಕ ಕಮ್ಮಿ ಆಗತೈತಿ."

ರವಿವಾರ ಮುಂಜಾನೆ ಎದ್ದು ನೋಡಿದರೆ ಊರೆಲ್ಲ ಅದೇ. ಯಾರೋ ಪುಣ್ಯಾತ್ಮ ಅವನ ಮಾತಿನ ಹಿಂದೆ ಡ್ರಮ್ ಬಾರಿಸಿ ಸ್ಟೇಟಸ್ ಮಾಡಿದ್ದ. ಅಜಿತನ ಫೋನಿಗೆ ಗುರುತಿಲ್ಲದ ನಂಬರಿನಿಂದ ಒಂದು ಮೆಸೇಜು: "ಅಜಿತ ಅವರ, ನಮ್ಮ ಸಿಂಗರ್‌ಗೆ ನಿಮ್ಮ ಭೆಟ್ಟಿ ಆಗೂದೈತಿ. ಲಗೂನ ಆಗೋಣು. ಶುಭಮ್, ಕಗ್ಗಲ್ಲು."

ಅಜಿತನ ಕೈಯೊಳಗಿನ ಚಹಾ ಅಂಗಿಯ ಮೇಲೆ ಬಿತ್ತು. ಅದೂ ಯಾವ ಅಂಗಿ? ಹೆಣ್ಣು ನೋಡಲು ಹೋಗುವುದಕ್ಕೆಂದೇ ಇಸ್ತ್ರಿ ಮಾಡಿಸಿದ್ದು.

ಹೌದು, ಅಂದೇ ಹುಕ್ಕೇರಿಗೆ ಆಮ್ರಪಾಲಿಯನ್ನು ನೋಡಲು ಹೊರಟಿದ್ದರು. ನೋಡುವುದೇನು ಬಂತು, ಅಜಿತ ಆಕೆಯನ್ನು ಮೊದಲೇ ನೋಡಿ ಕರಗಿಹೋಗಿದ್ದ. ನಾಯಿ ಕಡಿದು ಗೋಕಾಕದ ದವಾಖಾನೆಗೆ ಹೋದಾಗ ಸೂಜಿ ಚುಚ್ಚಿದ ನರ್ಸಮ್ಮ ಆಕೆಯೇ. ಅವನಿಗೆ ನೋವು ತಿಳಿಯಲೇ ಇಲ್ಲವಂತೆ. ಆಕೆಗೂ ಮನಸ್ಸಿತ್ತು. ಆದರೆ ಆ ಮನೆಯಲ್ಲಿ ಅಜ್ಜಿ ರಾಯವ್ವ 'ಹೂಂ' ಅನ್ನದೆ ಒಂದು ಕಡ್ಡಿಯೂ ಅಲುಗಾಡುತ್ತಿರಲಿಲ್ಲ. ಇದು ಮುರಿದರೆ ತಾನು ಬದುಕಿದ್ದೂ ಸತ್ತಂತೆ ಎಂದು ಅಜಿತ ನಿಜವಾಗಿಯೂ ನಂಬಿದ್ದ.

ಸಂಗಡ ಹೊರಟವರು ಇಬ್ಬರು, ಕೇದಾರಿ ಕಾಕಾ ಮತ್ತು ಅಣ್ಣನ ಹೆಂಡತಿ ಪೂನಮ್ ವೈನಿ. ಗೋಕಾಕದಲ್ಲಿ ಇಳಿದು, ಕರದಂಟಿನ ಪೆಟ್ಟಿಗೆ ಕಟ್ಟಿಸಿಕೊಂಡು, ಹುಕ್ಕೇರಿಯ ಬಸ್ಸು ಹತ್ತಿ ಕೂತ ಮೇಲೆ ವೈನಿ ಫೋನು ಚಾಚಿದಳು.

"ಅಜಿತ್, ಇಲ್ಲಿ ನೋಡ, ಹುಡುಗಿ ಮನಿಯವರ ಫೋಟೋ. ಇಂವಾ ಆಕಿ ತಮ್ಮ ಶುಭಮ್. ಎಂಥಾ ಮೈಕಟ್ಟ ಐತಿ ನೋಡ! ಅದೇನೋ ಬ್ಯಾಂಡಿನ್ಯಾಗ ಅದಾನಂತ."

ಅಜಿತ ನೋಡಿದ. ಕರಿ ಬನಿಯನ್ನು, ಎಮ್ಮೆಗಿಂತ ದಪ್ಪ ಕುತ್ತಿಗೆ. ಮುಂಜಾನೆ ಮೆಸೇಜು ಕಳಿಸಿದ ಶುಭಮ್! 'ನಮ್ಮ ಸಿಂಗರ್' ಅಂದದ್ದು ತನ್ನನ್ನೇ ಇರಬೇಕು, ಕಂಬಳಿಯೊಳಗಿನ ಆಕಾರ ಇವನಲ್ಲದೆ ಇನ್ಯಾರು? ಫೋನು ವೈನಿಯ ಕೈಗೆ ತುರುಕಿ ಎದ್ದು ನಿಂತ.

"ಕಾಕಾ, ನಾ ಇಳೀತೇನಿ. ಹೊಟ್ಟಿ ಸರಿ ಇಲ್ಲ."

"ಸುಮ್ನ ಕುಂದರ್ಲೇ!" ಕಾಕಾ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. "ಹೆಣ್ಣ ನೋಡಾಕ ಹೊಂಟೇವಿ ನೋಡ್ರಿ, ಅದಕ್ಕ ಹೊಟ್ಟಿ ಕೆಟ್ಟೈತಿ ಈತಂದು!"

ಬಸ್ಸೇ ದವಾಖಾನೆಯಾಯಿತು. ಮುಂದಿನ ಸೀಟಿನ ಹೆಂಗಸು ಬಾಯಿಗೆ ಅಜವಾನ ತುರುಕಿದಳು. ಇನ್ನೊಬ್ಬರು ಸೋಡಾ ಕುಡಿಸಿದರು. ಕಂಡಕ್ಟರು ಬೆನ್ನಿಗೆ ಎರಡು ಗುದ್ದು ಕೊಟ್ಟು, "ಗ್ಯಾಸ ಐತ್ರಿ, ಹೋಗತೈತಿ" ಅಂದ. ಘಟಪ್ರಭಾ ದಾಟುವಷ್ಟರಲ್ಲಿ ಅಜಿತನಿಗೆ ಖರೇನೇ ಹೊಟ್ಟೆ ಕೆಟ್ಟಿತ್ತು.

ಹುಕ್ಕೇರಿಯಲ್ಲಿ ಬಾಗಿಲು ತೆಗೆದವನು ಶುಭಮ್. ಫೋಟೋದಲ್ಲಿ ಕಂಡದ್ದಕ್ಕಿಂತ ದೊಡ್ಡ ಆಳು. "ಜೈ ಭೀಮ್ರಿ, ಬರ್ರಿ ಬರ್ರಿ" ಎಂದು ಕೈ ಹಿಡಿದ. ಅಜಿತನ ಬೆರಳುಗಳು ಲಟಲಟ ಅಂದವು. ಆಗ ಅವನಿಗೆ ಹೊಳೆಯಿತು: ಗುಂಪಿಗೆ ಹೋದದ್ದು ದನಿಯಲ್ಲವೇ? ದನಿ ಬದಲಿಸಿದರೆ ಗುರುತು ಹೇಗೆ ಹತ್ತುತ್ತದೆ? ಅದರಲ್ಲಿ ಹೆಸರು, ಊರು ಎರಡನ್ನೂ ತಾನೇ ಹೇಳಿದ್ದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

"ಜೈ ಭೀಮ್ರಿ" ಎಂದ, ಸಣ್ಣ ಮಕ್ಕಳ ದನಿಯಲ್ಲಿ.

ಕಾಕಾ ಬೆಚ್ಚಿ ತಿರುಗಿದ. "ಯಾಕೋ, ಏನಾತೋ ನಿನ್ನ ದನಿಗೆ?"

"ಏನಿಲ್ಲ ಕಾಕಾ" ಎಂದು ಅಜಿತ ಇನ್ನಷ್ಟು ಸಣ್ಣಗೆ ಕೀಚಿದ.

ಒಳಗೆ ರಾಯವ್ವಜ್ಜಿ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಬಿಳಿ ಕೂದಲು, ಹಿಡಿಯಷ್ಟು ಮೈ. ಮಾತು ಕಿವಿಗೊಟ್ಟರಷ್ಟೇ ಕೇಳುವಷ್ಟು ಮೆತ್ತಗೆ. ಆಮ್ರಪಾಲಿ ಅವಲಕ್ಕಿ ತಂದಿಟ್ಟು ಎದುರಿಗೆ ಕೂತಳು. ಅಜಿತ "ಆರಾಮ ಅದೀರಿ?" ಎಂದು ಕೀಚಿದಾಗ ಆಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ಇಷ್ಟು ದಿನ ತಾಸುಗಟ್ಟಲೆ ಮಾತಾಡಿದವನು ಇವನೇನಾ ಎಂಬಂತೆ ನೋಡಿದಳು.

ಶುಭಮ್ ಗದ್ದಕ್ಕೆ ಕೈಹಚ್ಚಿ ಕೂತ. "ದನದ ದವಾಖಾನ್ಯಾಗ ಇರತೀರಂತಲ್ರಿ? ಅಲ್ಲೆ ಅಜಿತ ಅಂತ ಇನ್ನೊಬ್ರು ಅದಾರೇನ್ರಿ?"

"ಅದಾರ್ರಿ... ಭಾಳ ಮಂದಿ ಅದಾರ."

"ಎಲ್ಲಿ ಭಾಳ ಮಂದಿ?" ಕಾಕಾ ಅವಲಕ್ಕಿ ಬಾಯಲ್ಲಿಟ್ಟುಕೊಂಡೇ ನಡುವೆ ಬಂದ. "ಇಂವಾ ಒಬ್ಬನ ಅದಾನ್ರಿ! ಇಡೀ ಕಲ್ಲೋಳಿಗೆ ಗೊತ್ತೈತಿ!"

ಶುಭಮ್ ಎದ್ದ. "ಸ್ವಲ್ಪ ಹಿತ್ತಲಕ ಬರ್ತೀರ್ರಿ?"

ಅಜಿತ ವೈನಿಯತ್ತ ನೋಡಿದ. ವೈನಿ, "ಹೋಗ, ಹುಡುಗೂರು ಹುಡುಗೂರು ಮಾತಾಡ್ರಿ" ಎಂದು ನೂಕಿದಳು. ಅವನ ಕಾಲುಗಳು ಹಿತ್ತಲಿಗೆ ಹೇಗೆ ಹೋದವೋ ಅವಕ್ಕೇ ಗೊತ್ತು. ಅಲ್ಲಿ ಒಂದು ಒಗೆಯುವ ಕಲ್ಲು, ಒಂದು ಒನಕೆ. ಒನಕೆ ಕಂಡದ್ದೇ ಸಾಕಾಯಿತು, ಶುಭಮನ ಎರಡೂ ಕೈ ಹಿಡಿದುಕೊಂಡುಬಿಟ್ಟ.

"ತಪ್ಪಾತ್ರಿ! ನಂದ ಹೊಲಸ ಬಾಯ್ರಿ! ನಿಮ್ಮ ದನಿ ಅಂದ್ರ ಬಂಗಾರ್ರಿ, ಮಹೇಶ ನಿಮ್ಮ ಮುಂದ ಯಾವ ಲೆಕ್ಕ? ನಾ ಹೊಡೆತಾ ತಿಂತೇನಿ, ಆದ್ರ ಮದಿವಿ ಒಂದ ಮುರೀಬ್ಯಾಡ್ರಿ!"

ಶುಭಮ್ ಒಂದು ಗಳಿಗೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಏ, ನಾ ಎಲ್ಲಿ ಹಾಡತೇನ್ರಿ! ನಾ ಬರೇ ಗಿಟಾರ. ನಿಮ್ಮ ಮಾತ ಕೇಳಿ ನಕ್ಕ ನಕ್ಕ ನನಗ ಸಾಕಾಗೈತಿ. ಮಂದಿ ನಮ್ಮ ಮಾರಿ ಮುಂದ ಬರೇ ಭೇಷ್ ಅಂತಾರ್ರಿ, ಖರೆ ಯಾರೂ ಹೇಳೂದಿಲ್ಲ. ನಡ್ರಿ, ಒಳಗ ಎಲ್ಲಾರ ಮುಂದ ಒಮ್ಮೆ ಹೇಳ್ರಿ ಅದನ್ನ."

ಅಜಿತನಿಗೆ ಹೋದ ಜೀವ ಬಂತು. ಬಂದದ್ದು ಬರೀ ಜೀವವಲ್ಲ, ಬಾಯಿಯೂ ಬಂತು. ಒಳಗೆ ಹೋಗಿ ಕೂತು, ತನ್ನ ಸ್ವಂತ ದನಿಯಲ್ಲಿ ಶುರು ಮಾಡಿದ. ಎಮ್ಮೆಯಂತೆ ಕುತ್ತಿಗೆ ಚಾಚಿ ತೋರಿಸಿದ. ಎಣ್ಣೆ ಕುಡಿಸುವ ಗ್ವಟ್ಟ ಹೇಗೆ ಬಾಯಿಗೆ ಇಡಬೇಕೆಂದು ಕಾಕಾನ ಗದ್ದ ಎತ್ತಿ ತೋರಿಸಿದ. ವೈನಿ ಕಣ್ಣೀರು ಬರುವಂತೆ ನಕ್ಕಳು. ಆಮ್ರಪಾಲಿ ಮಾತ್ರ ಕಣ್ಣಿನಲ್ಲೇ ಏನೋ ಹೇಳುತ್ತಿದ್ದಳು, ಹುಬ್ಬು ಹಾರಿಸುತ್ತಿದ್ದಳು, ಕೊನೆಗೆ ಸೆರಗಿನ ಕೆಳಗಿನಿಂದ ಕೈಯನ್ನೂ ಆಡಿಸಿದಳು. ಅಜಿತ ಅದನ್ನು ಪ್ರೀತಿಯೆಂದು ತಿಳಿದು ಇನ್ನಷ್ಟು ಹುರುಪಾದ.

"ಅಷ್ಟ ಕೆಟ್ಟ ಐತೇನಪಾ ಆ ದನಿ?" ಎಂದು ರಾಯವ್ವಜ್ಜಿ ಮೆಲ್ಲಗೆ ಕೇಳಿದಳು.

"ಅಯ್ಯ, ಏನ್ ಹೇಳ್ಲಿ ಅಜ್ಜಿ! ನೀವು ಕೇಳಬ್ಯಾಡ್ರಿ, ಎದಿ ಒಡಕೋತೀರಿ."

ಅಜ್ಜಿ ಶೇಂಗಾದ ಪುಟ್ಟಿ ಬದಿಗಿಟ್ಟಳು. ಒಂದು ಗುಟುಕು ನೀರು ಕುಡಿದಳು. ಆಮೇಲೆ ಬಾಯಿ ತೆರೆದಳು.

ಹುಕ್ಕೇರಿಯ ಆ ಓಣಿಯಲ್ಲಿ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಬಾಜೂ ಮನೆಯ ಕೂಸು ಕಿರುಚಿತು. ಕಾಕಾನ ಕೈಯೊಳಗಿನ ಅವಲಕ್ಕಿಯ ಬಸಿ ನೆಲಕ್ಕೆ ಬಿದ್ದು ಚೂರಾಯಿತು. ಆ ಹಿಡಿಯಷ್ಟು ಮೈಯೊಳಗಿಂದ ನೆಲ ಬಿರಿಯುವಂಥ ಗುಡುಗು ಹೊರಟು, ಗೋಡೆಗೆ ಬಡಿದು, ಅಜಿತನ ಎದೆಯೊಳಗೆ ಹೊಕ್ಕಿತು. ಅವನು ವೈನಿಯ ಬೆನ್ನ ಹಿಂದೆ ಸರಿದು ಕೂತ. ಇದೇ ದನಿ. ಆಲ್ಬಮ್ಮಿನಲ್ಲಿ ಕೇಳಿದ್ದು ಇದನ್ನೇ.

"ಸಣ್ಣಾಕಿ ಇದ್ದಾಗಿಂದ ಜ್ವಾಳದ ಹೊಲಾ ಕಾದ ಗಂಟಲಪಾ ಇದು" ಎಂದಳು ಅಜ್ಜಿ, ಮತ್ತೆ ಅದೇ ಮೆತ್ತನೆಯ ಮಾತಿನಲ್ಲಿ. "ಹೊಲದ ನಡಕ ಕಾವಲಿನ ಮಂಚಿಗಿ ಮ್ಯಾಲ ನಿಂತ ಒದರಿದ್ರ ನಾಕ ಹೊಲದ ಹಕ್ಕಿ ಏಳತಿದ್ವು. ಆ ಮಹೇಶ ಬಿಟ್ಟ ಹ್ವಾದಾಗ ಈ ನನ್ನ ಮೊಮ್ಮಗಾ ಅಳಕೋತ ಕುಂತಿದ್ದ. ನಾ ಅಂದೆ, ಅದರಾಗ ಏನೈತಿ, ನಾ ಒದರತೇನಿ ತಗೋ ಅಂತ."

ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡ ಅಜಿತ. ಆಮ್ರಪಾಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವನಿಗೆ ನಿಜಕ್ಕೂ ಅಳು ಬಂತು.

"ಅಜ್ಜಿ, ನಾ ಹೋಗತೇನ್ರಿ" ಎಂದು ಎದ್ದ.

"ಕುಂದರೋ. ಎಲ್ಲಿ ಹೊಂಟಿ? ನನ್ನ ಮಾರಿ ಮುಂದ ಖರೆ ಹೇಳಾಂವ ಈ ಮನ್ಯಾಗ ಒಬ್ಬನೂ ಇರಲಿಲ್ಲ. ನನಗ ಹುಡುಗಾ ಪಸಂದ ಅದಾನ. ಹೂಂ ಅಂತ ತಿಳ್ಕೋರಿ."

ಅಜಿತ ಅಜ್ಜಿಯ ಕಾಲ ಮೇಲೆ ಬಿದ್ದೇಬಿಟ್ಟ. ಕಾಕಾ ಕರದಂಟಿನ ಪೆಟ್ಟಿಗೆ ಬಿಚ್ಚಿ ಸಿಕ್ಕವರ ಬಾಯಿಗೆಲ್ಲ ಇಟ್ಟ. ಆಮ್ರಪಾಲಿ ಸೆರಗು ತೆಗೆದು ನಕ್ಕಳು. ಇಡೀ ದಿನದಲ್ಲಿ ಅಜಿತ ಮೊದಲ ಸಲ ನೆಟ್ಟಗೆ ಉಸಿರಾಡಿದ.

"ಇನ್ನೊಂದ ಮಾತೈತಿ" ಎಂದಳು ಅಜ್ಜಿ, ಕರದಂಟು ಜಗಿಯುತ್ತ. "ಮದಿವ್ಯಾದಮ್ಯಾಲ ಹುಡುಗಿ ಸಂಗಾಟ ಅಜ್ಜಿ ಹೋಗಿ ಗಂಡನ ಮನ್ಯಾಗ ಇದ್ದ ಬರೂದು ನಮ್ಮ ಕಡೆ ಪದ್ಧತಿ. ನಾ ಬರತೇನಪಾ. ಇಲ್ಲೆ ಬಾಜೂದಾವ್ರು ಒದರಗೊಡವಲ್ರು. ನಿಮ್ಮ ಮನಿ ಹೊಲದ ಬಾಜೂಕ ಐತಂತ, ದಿನಾ ಮುಂಜಾನೆ ಎದ್ದು ಹಾಡಿನ ತಯಾರಿ ಮಾಡಾಕ ಛಲೋ ಆಗತೈತಿ."

"ಬರ್ರಿ ಅಜ್ಜಿ" ಎಂದ ಅಜಿತ. "ಎಷ್ಟ ದಿನಾ ಇರತೀರ್ರಿ?"

"ಭಾಳ ಇಲ್ಲೋ. ಮುಂದಿನ ಆಲ್ಬಮ್ ಮುಗಿಯೂತನಕ."

ಅಜಿತ ಮೆಲ್ಲಗೆ ಶುಭಮನತ್ತ ತಿರುಗಿದ. "ಅದಕ್ಕ ಎಷ್ಟ ದಿನಾ ಹಿಡೀತೈತ್ರಿ?"

ಶುಭಮ್ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಹಾಕಿದ. "ಈ ಸಲದ್ದಕ್ಕ ಐದ ವರ್ಷ ಹಿಡೀತು, ಮಾಮಾ."