ಅಷ್ಟೊಂದು ಮಾದಪ್ಪರ ನಡುವೆ ನಮ್ಮತ್ತೆ

ನಮ್ಮತ್ತೆಗೆ ತಾವು ಯಾವ ಊರಿನವರೆಂಬುದೇ ಗೊತ್ತಿಲ್ಲ! ಇದು ನನ್ನ ಮಾತಲ್ಲ. ಪುಲ್ಪಳ್ಳಿಯಿಂದ ನಮ್ಮ ಹೊಳೆದಂಡೆಗೆ ಓಡುವ ಬಸ್ಸುಗಳ ಕಂಡಕ್ಟರುಗಳೆಲ್ಲ ಒಮ್ಮತದಿಂದ ಕೊಟ್ಟ ತೀರ್ಪು. ನಲವತ್ತು ವರ್ಷಗಳಿಂದ ಅದೇ ಸ್ಟಾಪಿನಲ್ಲಿ ಹತ್ತಿ, ಅದೇ ಸ್ಟಾಪಿನಲ್ಲಿ ಇಳಿಯುವ ಹೆಂಗಸು, ಟಿಕೆಟ್ ಕೇಳಿದರೆ ಕಿಟಕಿಯಾಚೆ ನೋಡುತ್ತಾರೆ.

"ಎವಿಡೆಕ್ಕಾ ಅಮ್ಮೇ?" ಎಲ್ಲಿಗೆ ಅಂತ ಕಂಡಕ್ಟರನ ಪ್ರಶ್ನೆ.

"ಪೆರಿಕಲ್ಲೂರು ಆದ್ಮೇಲೆ, ಮರಕ್ಕಡವು ಬರೂಕೆ ಮುಂಚೆ."

"ಅಲ್ಲಿ ಮೂರು ಸ್ಟಾಪ್ ಇದೆ. ಯಾವುದು?"

"ನಡೂದು."

"ಅದಕ್ಕೆ ಹೆಸರಿಲ್ಲವಾ?"

"ಹೆಸರದೆ. ನಾನು ಯೋಳಕಿಲ್ಲ."

ನಾನು ಜೊತೆಗಿದ್ದರೆ ಮೊಣಕೈಯಿಂದ ತಿವಿದು ನನ್ನ ಬಾಯಲ್ಲಿ ಹೇಳಿಸುತ್ತಾರೆ. ಇಲ್ಲವಾದರೆ ಪಕ್ಕದಲ್ಲಿ ಕೂತವರಿಗೆ ಒಗಟು ಹಾಕುತ್ತಾರೆ: "ಹುಲಿ ಮೇಲೆ ಕೂತಿರೋ ದ್ಯಾವ್ರು. ಆ ದ್ಯಾವ್ರ ಹೆಸರಿನ ಸ್ಟಾಪು. ಯೋಳಿ ನೋಡುವ?" ಪಕ್ಕದ ಮಲಯಾಳಿ ಹೆಂಗಸು ಭಕ್ತಿಯಿಂದ "ಅಯ್ಯಪ್ಪನ್!" ಎನ್ನುತ್ತಾಳೆ. ಅತ್ತೆ ತಲೆಯಾಡಿಸುತ್ತಾರೆ. ಕಂಡಕ್ಟರ್ ತಲೆ ಚಚ್ಚಿಕೊಂಡು ಕೊನೆಯ ಸ್ಟಾಪಿಗೆ ಟಿಕೆಟ್ ಹರಿದು ಕೊಡುತ್ತಾನೆ!

ಆ ಸ್ಟಾಪಿನ ಹೆಸರು ಮಾದಪ್ಪನ ಕಡವು. ಕಡವು ಎಂದರೆ ದೋಣಿ ಕಟ್ಟುವ ಜಾಗ. ನಮ್ಮತ್ತೆಯ ಗಂಡನ, ಅಂದರೆ ನಮ್ಮ ಸೋದರಮಾವನ, ಹೆಸರೂ ಮಾದಪ್ಪ. ಇನ್ನು ಬಿಡಿಸಿ ಹೇಳಬೇಕೇ? ಗಂಡನ ಹೆಸರನ್ನು ಹೆಂಡತಿ ಒಂದು ಸಲ ನುಡಿದರೆ ಅವನ ಆಯಸ್ಸಿನಲ್ಲಿ ಒಂದು ದಿನ ಉದುರಿ ಬೀಳುತ್ತದೆ ಅಂತ ಅತ್ತೆಗೆ ಅವರ ಅಜ್ಜಿ ಹೇಳಿಕೊಟ್ಟಿದ್ದರು. ಎಲ್ಲರ ಅಜ್ಜಿಯರೂ ಇಂಥದ್ದನ್ನು ಹೇಳುತ್ತಾರೆ, ಎಲ್ಲರೂ ಒಂದೆರಡು ವರ್ಷ ಪಾಲಿಸಿ ಆಮೇಲೆ ಮರೆಯುತ್ತಾರೆ. ನಮ್ಮತ್ತೆ ಮರೆಯಲಿಲ್ಲ, ಅಷ್ಟೆ.

ಬೇರೆ ಊರಿನಲ್ಲಾಗಿದ್ದರೆ ಇದೊಂದು ದೊಡ್ಡ ವಿಷಯವೇ ಅಲ್ಲ. ಆದರೆ ನಮ್ಮಲ್ಲಿ? ಹೊಳೆಯಾಚೆಯ ಕರ್ನಾಟಕದಿಂದ ಯಾವ ಕಾಲದಲ್ಲೋ ದಾಟಿ ಬಂದ ನಮ್ಮ ಹಿರಿಯರು ಬುತ್ತಿಯ ಜೊತೆ ಒಂದೇ ಒಂದು ಹೆಸರನ್ನು ಕಟ್ಟಿಕೊಂಡು ಬಂದಿದ್ದರೆಂದು ಕಾಣುತ್ತದೆ. ಗುಡ್ಡ ಕಂಡಿತು, ಮಾದಪ್ಪನ ಗುಡ್ಡ ಎಂದರು. ಅದರಿಂದ ಇಳಿದು ಬರುವ ತೊರೆ ಮಾದಪ್ಪನ ತೋಡು. ಅದು ಕಬಿನಿಗೆ ಸೇರುವಲ್ಲಿರುವ ಕರಿಬಂಡೆ ಮಾದಪ್ಪನ ಕಲ್ಲು. ಗುಡ್ಡದ ಮೇಲಿನ ಗುಡಿಯಲ್ಲಿರುವ ದೇವರಂತೂ ಸಾಕ್ಷಾತ್ ಮಾದಪ್ಪನೇ! ಇದೂ ಸಾಲದೆಂದು ಹುಟ್ಟಿದ ಗಂಡುಮಕ್ಕಳಿಗೂ ಅದನ್ನೇ ಇಟ್ಟರು. ಎಂಟು ಮನೆಯ ಊರಿನಲ್ಲಿ ಐದು ಮಾದಪ್ಪರು: ಕುಳ್ಳ ಮಾದಪ್ಪ, ಟೈಲರ್ ಮಾದಪ್ಪ, ದೋಣಿ ಮಾದಪ್ಪ, ಹೊಸಮನೆ ಮಾದಪ್ಪ, ಮತ್ತು ಯಾವ ವಿಶೇಷವೂ ಇಲ್ಲದ ಬರೀ ಮಾದಪ್ಪ. ಅವರೇ ನಮ್ಮ ಮಾವ. ಗುಡ್ಡಕ್ಕೆ ಹೆಸರು ಬಂದದ್ದು ದೇವರಿಂದಲ್ಲ, ತನ್ನ ಮುತ್ತಾತನಿಂದ ಎಂದು ಮಾವ ವಾದಿಸುತ್ತಾರೆ. ಉಳಿದ ನಾಲ್ವರು ಮಾದಪ್ಪರೂ ತಮ್ಮ ತಮ್ಮ ಮುತ್ತಾತನ ಪರ ನಿಲ್ಲುತ್ತಾರೆ. ದೇವರು ಇದುವರೆಗೆ ಬಾಯಿ ಬಿಟ್ಟಿಲ್ಲ.

ಮದುವೆಯಾಗಿ ಬಂದ ದಿನ ಹೊಸಿಲ ಮೇಲೆ ತಡೆದು, "ಗಂಡನ ಹೆಸರು ಹೇಳು, ಒಳಗೆ ಬಿಡ್ತೀವಿ" ಎಂದು ಹೆಂಗಸರು ಕಾಡಿಸಿದರಂತೆ. ಅತ್ತೆ ಗುಡ್ಡದ ಕಡೆ ಕೈ ತೋರಿಸಿದರು. ಹೊಳೆಯ ಕಡೆ ತೋರಿಸಿದರು. ಅಲ್ಲೇ ನಿಂತಿದ್ದ ಕುಳ್ಳ ಮಾದಪ್ಪನನ್ನೂ ತೋರಿಸಿದರು! ತಪ್ಪು ತಿಳಿದಾರೆಂದು ಗಾಬರಿಯಾದ ಮಾವ ತಾವೇ "ಮಾದಪ್ಪ, ಮಾದಪ್ಪ!" ಎಂದು ಕೂಗಿ ಹೆಂಡತಿಯನ್ನು ಒಳಗೆ ಕರೆದುಕೊಂಡರಂತೆ.

ಒಳಗೆ ಬಂದ ಮೇಲೆ ಬದುಕಬೇಕಲ್ಲ? ಅದಕ್ಕೆ ಅತ್ತೆ ತಮ್ಮದೇ ಒಂದು ಭೂಗೋಳ ಕಟ್ಟಿಕೊಂಡರು. ಗುಡ್ಡ "ಮೇಲ್ಗಡೆಯೋರು". ತೋಡು "ಹರಿಯೋರು". ಹೊಳೆಯ ಬಂಡೆ "ನೆನೆಯೋರು". ಬಸ್‌ಸ್ಟಾಪು "ನಿಲ್ಲೋರು". ದೇವರು "ದೊಡ್ಡೋರು". ಗಂಡ ಮಾತ್ರ "ಇವ್ರು". ಎಲ್ಲಕ್ಕೂ ಬಹುವಚನದ ಮರ್ಯಾದೆ! ಈ ಮನೆಗೆ ಸೊಸೆಯಾಗಿ ಬಂದ ಹುಡುಗಿ ಮೊದಲ ಮಳೆಗಾಲದಲ್ಲಿ ಕಂಗಾಲಾಗಿ ನನಗೆ ಫೋನ್ ಮಾಡಿದ್ದಳು: "ಅಕ್ಕಾ, ಹರಿಯೋರು ರಾತ್ರಿ ಕುಡಿದವರ ಥರ ಹಿತ್ತಿಲಿಗೆ ನುಗ್ಗಿದ್ರು, ಬಾಳೆಗಿಡ ಎಲ್ಲ ಕಿತ್ತು ಹಾಕಿದ್ರು ಅಂತಾವ್ರೆ ಅತ್ತೆ. ಪೊಲೀಸಿಗೆ ಯೋಳದು ಬ್ಯಾಡ್ವಾ?"

ಹೊಸಮನೆಯವರು ತಮ್ಮ ಎತ್ತಿಗೂ ಮಾದಪ್ಪ ಎಂದೇ ಹೆಸರಿಟ್ಟಾಗ ಅತ್ತೆಯ ಕಷ್ಟ ಶಿಖರಕ್ಕೇರಿತು. ಆ ಎತ್ತು ಬೇಲಿ ಮುರಿದು ಬಂದು ಶುಂಠಿ ಪಾತಿಯ ಮೇಲೆ ನಿಂತಿದೆ. ನಾನಾಗಿದ್ದರೆ ಏನೇನು ಬೈಯುತ್ತಿದ್ದೆನೋ! ಅತ್ತೆ ತಲೆಗೆ ಸೆರಗು ಹೊದ್ದು, ಎರಡು ಮಾರು ದೂರದಲ್ಲಿ ನಿಂತು, "ನೋಡಿ, ನೀವು ಇಂಗೆಲ್ಲ ಮಾಡಿದ್ರೆ ಚೆಂದವಾ? ಹೋಗಿ ಅತ್ಲಾಗೆ" ಎಂದರು. ಆಶ್ಚರ್ಯವೆಂದರೆ ಎತ್ತು ಹೋಯಿತು. ಅದಕ್ಕೂ ಅಷ್ಟು ಮರ್ಯಾದೆ ಯಾರು ಕೊಟ್ಟಿದ್ದರು?

ಒಮ್ಮೆ ಗುಡ್ಡದ ಗುಡಿಗೆ ಆಚೆ ದಡದಿಂದ ಹೊಸ ಪೂಜಾರಿ ಬಂದ. ಅರ್ಚನೆಗೆ "ಯಜಮಾನರ ಹೆಸರು ಹೇಳಿ ತಾಯಿ" ಎಂದ. ಅತ್ತೆ ಗರ್ಭಗುಡಿಯ ಕಡೆ ಬೆರಳು ತೋರಿಸಿದರು.

"ದೇವರ ಹೆಸರಲ್ಲ ತಾಯಿ, ನಿಮ್ಮ ಯಜಮಾನರದು."

ಅತ್ತೆ ಮತ್ತೆ ದೇವರನ್ನೇ ತೋರಿಸಿದರು.

"ಇವರೇನಾ ನಿಮ್ಮ ಯಜಮಾನರು?"

"ಊಂ" ಅಂತ ಅತ್ತೆ ನಾಚಿಕೊಂಡರು. ಪೂಜಾರಿ ಮಂಗಳಾರತಿ ತಟ್ಟೆ ಕೆಳಗಿಟ್ಟು ಅತ್ತೆಯ ಕಾಲಿಗೆ ಅಡ್ಡಬಿದ್ದ! ದೇವರನ್ನೇ ವರಿಸಿದ ಮಹಾಶರಣೆ ಅಂತ ತಿಳಿದನಂತೆ. ಹೊರಗೆ ಚಪ್ಪಲಿ ಕಾಯುತ್ತ ಬೀಡಿ ಸೇದುತ್ತಿದ್ದ ದೇವರನ್ನು ಅವನು ಗಮನಿಸಲಿಲ್ಲ.

ಮಾವ ಇದನ್ನೆಲ್ಲ ನಗುತ್ತ ಹೇಳುತ್ತಾರೆ, ನಿಜ. ಆದರೆ ಒಂದು ಸಂಜೆ ಕಾಳುಮೆಣಸು ಒಣಹಾಕುತ್ತ ನನಗೊಂದು ಮಾತು ಹೇಳಿದ್ದರು: "ಊರೇ ನನ್ನ ಹೆಸರು ಕೂಗ್ತದೆ ಕನವ್ವ. ಕಂಡಕ್ಟರ್ ದಿನಕ್ಕೆ ಹತ್ತು ಸಲ ಕೂಗ್ತಾನೆ. ಒಂದೇ ಒಂದ್ಸಲ ಇವಳ ಬಾಯಲ್ಲಿ ಕೇಳ್ಬುಟ್ರೆ ಸಾಕಾಗಿತ್ತು." ಅದಕ್ಕಾಗಿ ಅವರು ಮಾಡದ ಉಪಾಯವಿಲ್ಲ. ಹೆಸರು ಹಿಡಿದು ಎಬ್ಬಿಸಲಿ ಎಂದು ನಿದ್ದೆ ಬಂದವರ ಹಾಗೆ ಬಿದ್ದುಕೊಂಡು ನೋಡಿದರು. ಕನ್ನಡಕ ಕಳೆದಿದೆ, ಕಾಗದದ ಮೇಲಿನ ವಿಳಾಸ ಓದಿ ಹೇಳು ಎಂದರು. ಅತ್ತೆ ಕನ್ನಡಕ ಹುಡುಕಿ ಕೈಗೆ ಕೊಟ್ಟರು.

ಈಗ ನಮ್ಮ ಕಡವಿನ ಒಂದು ರೂಢಿ ಹೇಳಬೇಕು. ಮಳೆ ನಿಂತು, ಹೊಳೆ ಇನ್ನೂ ತುಂಬಿರುವಾಗ, ಬೆಳಿಗ್ಗೆ ಮಂಜು ಬಿದ್ದರೆ ಕೈ ಚಾಚಿದರೆ ಕೈ ಕಾಣುವುದಿಲ್ಲ. ಆಚೆ ದಡದಿಂದ ಹೊರಟ ದೋಣಿಗೆ ದಾರಿ ಹೇಗೆ ತಿಳಿಯಬೇಕು? ಈಚೆ ದಡದಲ್ಲಿ ಯಾರಾದರೂ ನಿಂತು ತಮ್ಮ ಕಡವಿನ ಹೆಸರನ್ನು ಕೂಗುತ್ತಲೇ ಇರಬೇಕು. ಅಕ್ಕಪಕ್ಕ ಮೂರು ಕಡವುಗಳಿವೆ, ಪ್ರತಿಯೊಂದರಿಂದಲೂ ಅದರದರ ಹೆಸರು. ದೋಣಿಯವನು ತನಗೆ ಬೇಕಾದ ಹೆಸರಿನ ಜಾಡು ಹಿಡಿದು ಬರುತ್ತಾನೆ. ಬರೀ "ಓಯ್" ಎಂದರೆ ಯಾವ ದಡದ ಓಯ್ ಎಂದು ತಿಳಿಯದು. ಹಾಗೆ ಮೋಸಹೋಗಿ ಮಾದಪ್ಪನ ಕಲ್ಲಿಗೆ ಹೊಡೆದು ಒಡೆದ ದೋಣಿಯ ಹಲಗೆಗಳು ಈಗಲೂ ಟೈಲರ್ ಮಾದಪ್ಪನ ದನದ ಕೊಟ್ಟಿಗೆಯಲ್ಲಿವೆ.

ಹೋದ ವರ್ಷ ಅಂಥದೇ ಒಂದು ಬೆಳಿಗ್ಗೆ. ಊರಿನವರೆಲ್ಲ ಹಿಂದಿನ ದಿನವೇ ಪುಲ್ಪಳ್ಳಿಗೆ ಮದುವೆಗೆ ಹೋಗಿದ್ದರು. ಉಳಿದವರು ನಾಲ್ಕೇ ಜನ. ಆಚೆ ದಡಕ್ಕೆ ರಾಗಿ ತರಲು ಹೋದ ಮಾವ, ಅವರನ್ನು ಕರೆದುಕೊಂಡು ಹೋದ ದೋಣಿ ಮಾದಪ್ಪ, ಈಚೆ ದಡದಲ್ಲಿ ಅತ್ತೆ, ಮತ್ತು ನಾನು. ನಾನು ಕಲ್ಪೆಟ್ಟದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡು, ಅತ್ತೆಯ ಕಷಾಯ ಕುಡಿಯಲೆಂದೇ ಬಂದಿದ್ದೆ. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಮಾವನ ಫೋನು ಮನೆಯಲ್ಲಿ ಚಾರ್ಜಿಗಿತ್ತು!

ಮಂಜಿನೊಳಗೆ ಹುಟ್ಟು ಹಾಕುವ ಸದ್ದು ಕೇಳಿಸಿತು. ಅತ್ತೆ ನನ್ನ ಮುಖ ನೋಡಿದರು, "ಕೂಗವ್ವ" ಎಂದರು. ನಾನು ಕೂಗಿದೆ. ನನಗೇ ಕೇಳಿಸಲಿಲ್ಲ. ಹುಟ್ಟಿನ ಸದ್ದು ಎಡಕ್ಕೆ ಸರಿಯಿತು. ಎಡಕ್ಕೆ ಇರುವುದು ಬಂಡೆ, ಅದರ ಬುಡದಲ್ಲಿ ತೋಡು ಬಂದು ಸೇರುವ ಸುಳಿ.

"ಏನೂಂದ್ರೇ!" ಎಂದು ಅತ್ತೆ ಕೂಗಿದರು. ಪಕ್ಕದ ಕಡವಿನಿಂದ ಯಾರದೋ ಗಂಡ "ಏನೇ?" ಎಂದು ಓಗೊಟ್ಟ!

"ಇವ್ರೇ! ಇತ್ಲಾಗೆ! ನಿಲ್ಲೋರ ಕಡೆಗೆ! ನೆನೆಯೋರ ಹತ್ರ ಹೋಗ್ಬೇಡಿ!" ದೋಣಿ ಮಾದಪ್ಪನಿಗೆ ಇದೇನು ಅರ್ಥವಾಗಬೇಕು? ಹುಟ್ಟಿನ ಸದ್ದು ಇನ್ನೂ ಎಡಕ್ಕೆ ಹೋಯಿತು. ನಾನು ಬಡಿಯಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ಹುಡುಕಿದೆ. ಒದ್ದೆ ಮಣ್ಣು, ಬಾಳೆಗಿಡ, ಅಷ್ಟೆ.

ಅತ್ತೆ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಕಣ್ಣು ಮುಚ್ಚಿದರು.

"ಮಾದಪ್ಪಾ!"

ಆ ಚಿಕ್ಕ ಜೀವದಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ! ಹುಟ್ಟಿನ ಸದ್ದು ಗಕ್ಕನೆ ನಿಂತಿತು. ಆಮೇಲೆ ಮಂಜಿನೊಳಗಿಂದ ಮಾವನ ಗಂಟಲು ಬಂತು.

"ಯಾವ ಮಾದಪ್ಪಾ?"

"ಯಾವನಾ? ನನ್ನ ಮಾದಪ್ಪ ಕನಾ! ಬಾ ಇತ್ಲಾಗೆ!" ಏಕವಚನದಲ್ಲಿ! ನಲವತ್ತು ವರ್ಷದ ಬಹುವಚನವೆಲ್ಲ ಕಬಿನಿಯ ಪಾಲು! ಆಮೇಲೆ ಅತ್ತೆ ನಿಲ್ಲಿಸಲೇ ಇಲ್ಲ. ಮಾದಪ್ಪಾ, ಮಾದಪ್ಪಾ ಎಂದು ದೋಣಿಯ ಮೂತಿ ಮಣ್ಣಿಗೆ ತಾಗುವವರೆಗೆ ಕೂಗಿದರು. ಮಾವ ರಾಗಿಮೂಟೆಯ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದರು.

"ಮೊದಲ ಸಲವೇ ಕೇಳಿಸಿತ್ತು ಕನವ್ವ," ಅಂತ ನನ್ನ ಕಿವಿಯಲ್ಲಿ ಹೇಳಿದರು. "ಇನ್ನೊಂದ್ಸಲ ಕೇಳುವಾ ಅಂತ ಹಂಗಂದೆ."

ಸುಳಿಯ ಬಾಯಲ್ಲಿ ಕೂತು! ಇವರಿಗೆ ಏನು ಹೇಳೋಣ? ಮದುವೆಯಿಂದ ಹಿಂತಿರುಗಿದ ಒಬ್ಬೊಬ್ಬ ಮಾದಪ್ಪನಿಗೂ ಮಾವ ಕತೆಯನ್ನು ಹೊಸದಾಗಿ ಹೇಳಿದರು. "ಬೀಳ್ಲಿ ನಾಳೇನೂ ಮಂಜು, ದಿನಾ ಆಚೆಗೆ ಹೋಯ್ತೀನಿ" ಎಂದು ಮೀಸೆ ತಿರುವಿದರು.

ಅತ್ತೆ ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ಗುಡ್ಡದ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ.

"ಎಷ್ಟು ಸಲ ಕೂಗ್ದೆ ಕನವ್ವ ನಾನು? ನೀನು ಎಣಿಸ್ದಾ?"

ನಾನು ಎಣಿಸಿರಲಿಲ್ಲ.

"ನಂಗೂ ಗೊತ್ತಾಗ್ನಿಲ್ಲ. ದೊಡ್ಡೋರಿಗೆ ಯೋಳಿವ್ನಿ. ಎಷ್ಟು ದಿನ ಕಮ್ಮಿಯಾಯ್ತದೋ, ಅಷ್ಟನ್ನೂ ನನ್ನ ಆಯಸ್ಸಲ್ಲಿ ಮುರ್ಕೊಳ್ಳಿ, ಇವ್ರದ್ದ ಮುಟ್ಬೇಡಿ ಅಂತ." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಇವ್ರಿಗೆ ಯೋಳ್ಬೇಡ. ನಕ್ಕಾರು."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಇಲ್ಲದ ಗಂಟಲಲ್ಲೇ ಮಾವನಿಗೆ ಎಲ್ಲವನ್ನೂ ಉಸುರಿದೆ. ಮಾವ ನಗಲಿಲ್ಲ. ಬೀಡಿ ಆರಿ ಹೋದದ್ದೂ ಅವರಿಗೆ ತಿಳಿಯಲಿಲ್ಲ. ನನಗೆ ಅಳು ಬಂತು.

ಮಾರನೆಯ ದಿನ ಮೊದಲ ಬಸ್ಸಿಗೆ ಕಲ್ಪೆಟ್ಟಕ್ಕೆ ಹೋದ ಮಾವ ಸಂಜೆ ಒಂದು ಹಿತ್ತಾಳೆ ಗಂಟೆಯನ್ನು ಹೆಗಲ ಮೇಲೆ ಹೊತ್ತು ಬಂದರು. ಕಡವಿನ ಅತ್ತಿಮರಕ್ಕೆ ಏಣಿ ಹಾಕಿ, ಯಾರನ್ನೂ ಹತ್ತಗೊಡದೆ, ಆ ವಯಸ್ಸಿನಲ್ಲಿ ತಾವೇ ಹತ್ತಿ ಕಟ್ಟಿದರು. ಹಗ್ಗದ ತುದಿಯನ್ನು ಅತ್ತೆಯ ಕೈಗೆ ಎಟಕುವಷ್ಟಕ್ಕೆ ಇಳಿಬಿಟ್ಟರು. "ಇನ್ನು ಮಂಜು ಬಿದ್ರೆ ಇದ ಹೊಡಿ. ಬಾಯಲ್ಲಿ ಕೂಗೂಕೆ ಹೋಗ್ಬೇಡ. ಗಂಟಲು ಕೆಡ್ತದೆ" ಎಂದರು. ಅತ್ತೆ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಹಗ್ಗ ಹಿಡಿದು ನೋಡಿ, ಇನ್ನೊಂದು ಗೇಣು ಇಳಿಬಿಡಿ ಎಂದರು.

ಊರಿನವರು ಸುಮ್ಮನಿರುತ್ತಾರೆಯೇ? ವಾರ ಕಳೆಯುವುದರೊಳಗೆ ಅದು ಮಾದಪ್ಪನ ಗಂಟೆಯಾಯಿತು! ಅಲ್ಲಿಗೆ ಅತ್ತೆಯ ಬಾಯಿಗೆ ಅದೂ ದೂರವಾಯಿತು.

ಮೊನ್ನೆ ಫೋನ್ ಮಾಡಿದ್ದೆ. ಮಾವ ಆಚೆ ದಡಕ್ಕೆ ಹೋಗಿದ್ದಾರೆ ಎಂದರು ಅತ್ತೆ.

"ಮಂಜು ಇಲ್ವಾ ಅತ್ತೆ?"

"ಬಿದ್ದದೆ ಕನವ್ವ, ಕೈಗೆ ಕೈ ಕಾಣಕಿಲ್ಲ."

"ಮತ್ತೆ ಭಯ ಆಗಲ್ವಾ?"

"ಭಯ ಯಾಕೆ? ಕೂಗೋರು ಇಲ್ವಾ?" ಎಂದರು. ಫೋನನ್ನು ಎಲ್ಲಿಟ್ಟರೋ, ನನ್ನ ಕಿವಿಗೆ ಗಂಟೆ ಕೇಳತೊಡಗಿತು.