ಕೊಂಬಕ್ಕ ಮನುಷ್ಯಳಾದ ಪ್ರಕರಣ

ಶಿಶುವಿಹಾರದ ಸಿಬ್ಬಂದಿಯ ಊಟದ ಕೋಣೆಯಲ್ಲಿ ರಾಕ್ಷಸರು ಕೂರಬಾರದೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಇದ್ದ ನಿಯಮ ಬಾಯಿಗೆ ಸಂಬಂಧಪಟ್ಟದ್ದು: ರಾಕ್ಷಸ ಸಿಬ್ಬಂದಿ ಸಹೋದ್ಯೋಗಿಗಳ ಎದುರು ಬಾಯಿ ತೆರೆಯತಕ್ಕದ್ದಲ್ಲ. ಬಾಯಿ ತೆರೆಯದೆ ಉಣ್ಣುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲವಾದ್ದರಿಂದ, ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೊಂಬಕ್ಕ ಹೊರಗಿನ ಪಡಸಾಲೆಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ, ಮಕ್ಕಳ ಮುಕ್ಕಾಲಿಯ ಮೇಲೆ ಕೂತು ಉಣ್ಣುತ್ತಿದ್ದಳು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಇದನ್ನು ತಾರತಮ್ಯ ಎನ್ನುವಂತಿರಲಿಲ್ಲ, ಮುಕ್ಕಾಲಿಗೆ ಹೊಸ ಬಣ್ಣ ಬಳಿಸಿಕೊಟ್ಟಿದ್ದರು.

ಕೊಂಬಕ್ಕ ಎಂದು ಹೆಸರಿಟ್ಟವರು ಮಕ್ಕಳು. ಬೆಳಗ್ಗೆ ಬಾಗಿಲಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತರೆ ಸಾಕು, ಎಡಗೊಂಬಿನ ತುಂಬ ಟೋಪಿ, ಬಲಗೊಂಬಿನ ತುಂಬ ನೀರಿನ ಬಾಟಲಿ ನೇತಾಡುತ್ತಿದ್ದವು. ಮಕ್ಕಳ ಮಟ್ಟಿಗೆ ಅವಳಿಗೆ ಕೊರತೆ ಇರಲಿಲ್ಲ. ಬೇಕಿದ್ದದ್ದು ಒಂದೇ: ಒಳಗಿನ ಉದ್ದ ಮೇಜಿನಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ನಾಲ್ಕು ಜನರ ಜೊತೆ ಹರಟುತ್ತ ಒಂದು ಊಟ. ಮನೆಯಲ್ಲಿ ಅವಳು ಒಬ್ಬಳೇ. ಗೋಡೆ ನೋಡಿಕೊಂಡು ಉಂಡು ಉಂಡು ಅವಳಿಗೆ ಸಾಕಾಗಿಹೋಗಿತ್ತು.

ಹೀಗಿರುವಾಗ ಮೇಲಿನಿಂದ ಸುತ್ತೋಲೆ ಬಂತು. ರಾಕ್ಷಸ ಸಿಬ್ಬಂದಿಯನ್ನು ಗೌರವದಿಂದ ಕಾಣತಕ್ಕದ್ದು. ಊಟದ ಕೋಣೆಯನ್ನು ಅವರಿಗೇ ಮೀಸಲಿಡತಕ್ಕದ್ದು. ಪ್ರತಿ ತಿಂಗಳು ಭೀಕರತಾ ಭತ್ಯೆ ನೀಡತಕ್ಕದ್ದು. ಹಳೆಯ ನಿಯಮಗಳು ಹಾಗೆಯೇ ಮುಂದುವರಿಯುವುವು, ಮುರಿದವರ ಭತ್ಯೆ ರದ್ದಾಗುವುದು. ಕೊಂಬಕ್ಕ ಅದನ್ನು ಓದಿ ಮನೆಗೆ ಹೋದವಳೇ ಕೊಂಬಿಗೆ ಎಣ್ಣೆ ತಿಕ್ಕಿ ಹೊಳಪು ಬರಿಸಿದಳು.

ರಾಕ್ಷಸರನ್ನು ಗುರುತಿಸಲು ಒಬ್ಬ ಅಧಿಕಾರಿ ಬಂದರು. ಬಹಳ ಸಜ್ಜನರು.

"ಕೊಂಬು, ಕೋರೆಹಲ್ಲು ನೋಡಿ ಒಬ್ಬರನ್ನ ರಾಕ್ಷಸ ಅನ್ನೋದು ಪೂರ್ವಗ್ರಹ ಆಗತ್ತೆ. ನಾವು ರೂಪ ನೋಡಲ್ಲ," ಎಂದು ವಿವರಿಸಿದರು. "ಮಕ್ಕಳು ಅತ್ತರೆ ರಾಕ್ಷಸ, ಅಳದಿದ್ರೆ ಮನುಷ್ಯ. ಅಷ್ಟೇ."

ಮೊದಲು ಮುಖ್ಯೋಪಾಧ್ಯಾಯಿನಿ ಮಕ್ಕಳ ಸಾಲಿನ ಮುಂದೆ ನಿಂತರು. ಅವರು ಏನೂ ಮಾಡಲಿಲ್ಲ, ಕನ್ನಡಕ ಸರಿಪಡಿಸಿಕೊಂಡರು. ಇಡೀ ಸಾಲು ಗೋಳೋ ಎಂದು ಅತ್ತಿತು. ಅಧಿಕಾರಿ ಎದ್ದು ನಿಂತು ಅವರನ್ನು ರಾಕ್ಷಸಿ ಎಂದು ಘೋಷಿಸಿದರು.

"ಯಾರ್ರೀ ರಾಕ್ಷಸಿ? ನಮ್ಮ ವಂಶದಲ್ಲೇ..." ಎಂದು ಮುಖ್ಯೋಪಾಧ್ಯಾಯಿನಿ ಕೆಂಡವಾದಾಗ, ಗುಮಾಸ್ತ ಅವರ ಕಿವಿಯಲ್ಲಿ ಭತ್ಯೆಯ ವಿಷಯ ಉಸುರಿದ. "...ಇದೆ, ಸ್ವಲ್ಪ. ಅಜ್ಜಿ ಕಡೆಯಿಂದ," ಎಂದು ಅವರು ವಾಕ್ಯ ಮುಗಿಸಿದರು.

ಆಮೇಲೆ ತಡವಾಗಲಿಲ್ಲ. ಸಂಗೀತದ ಮೇಷ್ಟ್ರು ಹಾಡಿದರು, ಮಕ್ಕಳು ಅತ್ತರು. ಗುಮಾಸ್ತನ ಮುಖ ನೋಡಿ ಯಾರೂ ಅಳಲಿಲ್ಲ. ಅವನು ಬಿಸ್ಕತ್ತು ಕೊಟ್ಟು ಕಿತ್ತುಕೊಂಡ, ಅತ್ತರು. ಅಧಿಕಾರಿ ಇದನ್ನು ಸ್ವಯಾರ್ಜಿತ ರಾಕ್ಷಸತ್ವ ಎಂದು ದಾಖಲಿಸಿದರು.

ಕೊನೆಯಲ್ಲಿ ಕೊಂಬಕ್ಕ ಬಂದು ಕೂತಳು. ಅಳುತ್ತಿದ್ದ ಮಕ್ಕಳು ಮೂಗು ಒರೆಸಿಕೊಂಡು ಓಡಿಬಂದು ಟೋಪಿ ನೇತುಹಾಕಿದರು.

"ಅಮ್ಮಾ, ಒಂದ್ಸಲ ಗುಡುಗಿಬಿಡಿ," ಎಂದು ಅಧಿಕಾರಿ ಮೆಲ್ಲಗೆ ಹೇಳಿದರು. "ಊಟದ ಕೋಣೆ ನಿಮ್ಮದಾಗತ್ತೆ."

ಗುಡುಗುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಅವಳ ತಾಯಿ ಗುಡುಗಿದರೆ ಆಚೆ ಬೀದಿಯ ನಾಯಿಗಳೂ ಬಾಲ ಮುದುರುತ್ತಿದ್ದವು. ಕಿಟಕಿ ಪಕ್ಕದ ಕುರ್ಚಿಯನ್ನು ನೆನೆದುಕೊಂಡು ಅವಳು ಬಾಯಿ ತೆರೆದಳು. ಮುಂದಿನ ಹಲ್ಲು ಬಿದ್ದಿದ್ದ ಒಬ್ಬ ಹುಡುಗಿ ತಟ್ಟನೆ ಒಳಗೆ ಕೈಹಾಕಿ ಕೋರೆಹಲ್ಲು ಮುಟ್ಟಿ ನೋಡಿದಳು.

"ನಂಗೂ ಇಷ್ಟುದ್ದ ಬರತ್ತಾ?"

ಆ ಪುಟ್ಟ ಬೆರಳು ಹೊರಗೆ ಬರುವವರೆಗೆ ಕಾದು, ಕೊಂಬಕ್ಕ ಮೆತ್ತಗೆ ಬಾಯಿ ಮುಚ್ಚಿದಳು. "ಬರತ್ತೆ ಕಂದಾ," ಎಂದಳು. ಕೈಗೆ ಬಂದ ಕುರ್ಚಿ ತಪ್ಪಿಹೋಯಿತಲ್ಲ ಎಂದು ಅಳು ಬಂತು. ಈ ಸಲ ಅತ್ತವಳು ಅವಳೊಬ್ಬಳೇ ಆದ್ದರಿಂದ ಅಧಿಕಾರಿ ಅವಳನ್ನು ವಿಷಾದಪೂರ್ವಕವಾಗಿ ಮನುಷ್ಯಳೆಂದು ಘೋಷಿಸಿದರು.

ಸುದ್ದಿ ತಿಳಿದ ಪೋಷಕರು ಸಭೆ ಸೇರಿದರು. "ನಮಗೇನೂ ಭೇದ ಇಲ್ಲ," ಎಂದ ಒಬ್ಬ ತಂದೆ. "ಆದ್ರೆ ಉಳಿದವರೆಲ್ಲ ಪ್ರಮಾಣಪತ್ರ ಇರೋ ರಾಕ್ಷಸರು. ಇವಳೊಬ್ಬಳು ಬರೀ ಮನುಷ್ಯಳು. ಹೇಗೆ ನಂಬೋದು?" ಎಲ್ಲರೂ ತಲೆದೂಗಿದರು.

ಮರುದಿನ ಮಧ್ಯಾಹ್ನ ಕೊಂಬಕ್ಕ ಧೈರ್ಯ ಮಾಡಿ ಡಬ್ಬಿ ಹಿಡಿದು ಊಟದ ಕೋಣೆಗೆ ಹೋದಳು. ಮನುಷ್ಯಳಾದ ಮೇಲೆ ಬಾಯಿಯ ನಿಯಮ ತನಗೇಕೆ ಎಂಬುದು ಅವಳ ಲೆಕ್ಕಾಚಾರ. ಉದ್ದ ಮೇಜಿನ ಸುತ್ತ ಎಲ್ಲರೂ ಮುಚ್ಚಿದ ಡಬ್ಬಿಗಳ ಮುಂದೆ ತುಟಿ ಬಿಗಿದು ಕೂತಿದ್ದರು. ಎದುರಿಗಿರುವವರೆಲ್ಲ ಸಹೋದ್ಯೋಗಿಗಳೇ, ಬಾಯಿ ತೆರೆದು ಭತ್ಯೆ ಕಳೆದುಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ಮುಖ್ಯೋಪಾಧ್ಯಾಯಿನಿ ಬಾಗಿಲ ಮೇಲಿನ ಹೊಸ ಫಲಕದತ್ತ ಬೆರಳು ತೋರಿಸಿದರು. 'ರಾಕ್ಷಸರಿಗೆ ಮಾತ್ರ' ಎಂದಿತ್ತು.

"ತಪ್ಪಾಯ್ತು," ಎಂದು ಕೊಂಬಕ್ಕ, ಕೊಂಬು ಬಾಗಿಲಿಗೆ ತಗಲದಂತೆ ತಲೆ ತಗ್ಗಿಸಿ ಹೊರಬಂದು, ಮುಕ್ಕಾಲಿಯ ಮೇಲೆ ಕೂತಳು. ಹಲ್ಲು ಬಿದ್ದ ಹುಡುಗಿ ತನ್ನ ಡಬ್ಬಿ ಹಿಡಿದು ಬಂದು ಸ್ವಲ್ಪ ದೂರದಲ್ಲೇ ನಿಂತಳು.

"ನೀನು ಮನುಷ್ಯಳಂತೆ, ಹೌದಾ? ಹತ್ರ ಹೋಗ್ಬೇಡ ಅಂದ್ರು ಅಪ್ಪ."

"ಹೌದಂತೆ ಕಂದಾ."

ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಪರವಾಗಿಲ್ಲ ಬಿಡು. ನಂಗೇನೂ ಭಯ ಇಲ್ಲ," ಎಂದು ಟೋಪಿಯನ್ನು ಕೊಂಬಿಗೆ ಸಿಕ್ಕಿಸಿ, ಪಕ್ಕದಲ್ಲೇ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಇಬ್ಬರೂ ಬಾಯಿ ತುಂಬ ಉಂಡರು, ಬಾಯಿ ತುಂಬ ಹರಟಿದರು.

ಗಂಟೆ ಹೊಡೆಯಿತು. ರಾಕ್ಷಸರು ಡಬ್ಬಿಗಳನ್ನು ಹಾಗೆಯೇ ಎತ್ತಿಕೊಂಡು, ಎಂದಿನಂತೆ ಕೆಲಸಕ್ಕೆ ಹೊರಟರು.